‘ಲೇಖನ ಮಾತ್ರ’ ಬಟನ್ ಇಟ್ಟೆ, ಕಾಮೆಂಟ್ ಸಾಯಲಿಲ್ಲ

ಅಕ್ಕ ನನ್ನ ಪಕ್ಕದಲ್ಲೇ ಕೂತು ಫೋನಿನಲ್ಲಿ ನಮ್ಮ ಆರೋಗ್ಯದ ಸೈಟಿನ ಲೇಖನ ಓದುತ್ತಿದ್ದಳು. ಥೈರಾಯ್ಡ್ ಮಾತ್ರೆ ಬಗ್ಗೆ ಇದ್ದ ಉದ್ದದ ಲೇಖನ. ಹೆಬ್ಬೆರಳಲ್ಲಿ ಮೆಲ್ಲಗೆ ಸರಿಸುತ್ತಾ ಬಂದಳು. ಇನ್ನೆರಡು ಪ್ಯಾರಾ ಇತ್ತು ಅಷ್ಟೇ. ಬೆರಳು ನಿಂತಿತು. ಪುಟ ಮುಚ್ಚಿಬಿಟ್ಟಳು.

"ಯಾಕಕ್ಕ, ಪೂರ್ತಿ ಓದಲ್ವಾ?" ಅಂದೆ.

"ಇನ್ನೂ ಕೆಳಗೆ ಹೋದ್ರೆ ಅವರೆಲ್ಲ ಶುರುವಾಗ್ತಾರಲ್ಲೋ," ಅಂದಳು.

ಅವರೆಲ್ಲ ಅಂದರೆ ಕಾಮೆಂಟ್ ಹಾಕುವವರು. ಅಕ್ಕನಿಗೆ ಆ ಕಾಯಿಲೆ ಇದೆ. ಹಿಂದೊಮ್ಮೆ ಇಂಥದೇ ಲೇಖನದ ಕೆಳಗೆ "ಸೋಮಾರಿಗಳಿಗೆ ಬರೋ ರೋಗ ಇದು" ಅಂತ ಯಾರೋ ಬರೆದದ್ದು ಅವಳ ಕಣ್ಣಿಗೆ ಬಿದ್ದಿತ್ತು. ಅಂದಿನಿಂದ ನಮ್ಮ ಯಾವ ಲೇಖನದ ಕೊನೆಯನ್ನೂ ಅವಳು ಓದಿರಲಿಲ್ಲ.

ಆ ರಾತ್ರಿಯೇ ಸ್ಕ್ರೋಲ್ ಲೆಕ್ಕ ತೆಗೆದು ನೋಡಿದೆ. ಲೇಖನದ ಅರ್ಧ ದಾಟಿದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಕೊನೆಯ ಎರಡು ಪ್ಯಾರಾದಲ್ಲಿ ಎದ್ದು ಹೋಗುತ್ತಿದ್ದರು. ಆರು ವರ್ಷದಿಂದ ಆ ಗ್ರಾಫ್ ನೋಡುತ್ತಲೇ ಇದ್ದೆ. ಲೇಖನ ಉದ್ದ ಆಯ್ತು, ಅದಕ್ಕೇ ಹೀಗೆ ಅಂದುಕೊಂಡು ಸುಮ್ಮನಾಗಿದ್ದೆ. ಆದರೆ ಕಾಮೆಂಟ್ ಬಂದ್ ಮಾಡಿದ್ದ ಹಳೇ ಲೇಖನಗಳಲ್ಲಿ ಆ ಇಳಿತ ಅರ್ಧದಷ್ಟೂ ಇರಲಿಲ್ಲ.

ಓದುವವರೇ ಕಾಮೆಂಟ್ ಮುಚ್ಚಿಕೊಳ್ಳುವ ಬಟನ್ ಕೊಡೋಣ ಅಂದೆ. ಸೈಟಿನಲ್ಲಿ ಜಾಹೀರಾತು ನೋಡಿಕೊಳ್ಳುವ ನನ್ನ ಪಾಲುದಾರರು ಒಪ್ಪಲೇ ಇಲ್ಲ. "ಬೇಡ ಅಂದ್ರೆ ಪೂರ್ತಿ ತೆಗೀರಿ, ಬೇಕು ಅಂದ್ರೆ ಇಡಿ. ಈ ಅರ್ಧಂಬರ್ಧ ಬಾಗಿಲು ಯಾಕೆ ಸಾರ್?" ಅಂದರು. ಇದೇ ಕೆಲಸದಲ್ಲಿರುವ ಗೆಳೆಯರೂ ಅದನ್ನೇ ಹೇಳಿದರು. ದೊಡ್ಡವರೆಲ್ಲ ಹಾಗೇ ಮಾಡಿದ್ದು ಅಲ್ವಾ ಅನ್ನುವುದು ಅವರ ವಾದ. ನಿಜ. ಪಾಪ್ಯುಲರ್ ಸೈನ್ಸ್ ಪತ್ರಿಕೆ 2013ರಲ್ಲಿ ಕಾಮೆಂಟ್ ನಿಲ್ಲಿಸಿತು. ಸುದ್ದಿಸಂಸ್ಥೆ ರಾಯಿಟರ್ಸ್ 2014ರಲ್ಲಿ ಸುದ್ದಿಗಳ ಕೆಳಗಿನ ಕಾಮೆಂಟ್ ತೆಗೆಯಿತು. ಅಮೆರಿಕದ ರೇಡಿಯೊ ಸಂಸ್ಥೆ ಎನ್‌ಪಿಆರ್ 2016ರ ಆಗಸ್ಟ್‌ನಲ್ಲಿ ಮುಚ್ಚಿತು. ಎನ್‌ಪಿಆರ್ ಆಗ ಕೊಟ್ಟ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆ ಜುಲೈ ತಿಂಗಳಲ್ಲಿ ಸುಮಾರು 3.3 ಕೋಟಿ ಓದುಗರು, 4,91,000 ಕಾಮೆಂಟ್, ಬರೆದವರು 19,400 ಜನ. ಅಂದರೆ ಶೇ. 0.06.

ಇದನ್ನು ನೋಡಿ ಎಲ್ಲರೂ "ಬರೆಯುವವರು ಇಷ್ಟೇ ಜನ, ತೆಗೆದುಬಿಡಿ" ಅನ್ನುತ್ತಾರೆ. ನನಗೆ ಕಂಡದ್ದು ಬೇರೆ. ಉಳಿದ ಅಷ್ಟೊಂದು ಜನಕ್ಕೆ ಏನು ಬೇಕು ಅಂತ ಯಾರು ಕೇಳಿದರು? ಅವರಲ್ಲಿ ಕಾಮೆಂಟ್ ಓದಲೆಂದೇ ಬರುವವರು ಇದ್ದಾರೆ, ನನ್ನ ಅಕ್ಕನಂಥವರೂ ಇದ್ದಾರೆ. ಇಬ್ಬರಿಗೂ ಒಂದೇ ಬೀಗ ಯಾಕೆ?

ಪೂರ್ತಿ ತೆಗೆಯಲು ನನಗೆ ಮನಸ್ಸಿರಲಿಲ್ಲ. ಅದಕ್ಕೆ ಕಾರಣವೂ ಆ ಥೈರಾಯ್ಡ್ ಲೇಖನವೇ. ಅದರಲ್ಲಿ ಮಾತ್ರೆಯ ಪ್ರಮಾಣವನ್ನು ಮೈಕ್ರೋಗ್ರಾಂ ಬದಲು ಮಿಲಿಗ್ರಾಂ ಅಂತ ಹಾಕಿಬಿಟ್ಟಿದ್ದೆವು. ಸಾವಿರ ಪಟ್ಟು ತಪ್ಪು! ಮೂರು ಜನ ಓದಿ ತಿದ್ದಿ ಹಾಕಿದ ಲೇಖನ ಅದು. ಒಂದು ಗಂಟೆಯೊಳಗೆ ಒಬ್ಬ ಔಷಧ ಅಂಗಡಿಯವರು ಕಾಮೆಂಟ್‌ನಲ್ಲಿ ಹಿಡಿದರು. ಅಂಥವರನ್ನು ಹೊರಗೆ ಹಾಕಿ ಆರೋಗ್ಯದ ಸೈಟು ನಡೆಸಲು ನನಗೆ ಧೈರ್ಯ ಇಲ್ಲ.

ಸರಿ, ಕೆಲಸ ಶುರು ಮಾಡಿದೆ. ಮೊದಲ ಬಟನ್ ಒಂದೇ ಮಧ್ಯಾಹ್ನದಲ್ಲಿ ಆಯಿತು. ಒತ್ತಿದರೆ ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಆ ಭಾಗ ಮಾಯ. ಆದರೆ ಪುಟ ತೆರೆದಾಗ ಅರ್ಧ ಸೆಕೆಂಡು ಕಾಮೆಂಟ್ ಕಾಣಿಸಿ ಆಮೇಲೆ ಮುಚ್ಚಿಕೊಳ್ಳುತ್ತಿತ್ತು. ಕಾಮೆಂಟ್‌ಗೆ ನೇರ ಲಿಂಕ್ ಒತ್ತಿ ಬಂದವರಿಗಂತೂ ಇಡೀ ಪುಟ ಹಾರಿ ಬೀಳುತ್ತಿತ್ತು. ಇನ್ನೊಂದು ಮೋಸ, ಕಾಮೆಂಟ್ ನಡೆಸಲು ಹೊರಗಿನ ಕಂಪನಿಯಿಂದ ತಂದು ಹಾಕಿದ್ದ ವಿಜೆಟ್ ಒಳಗೊಳಗೇ ಪೂರ್ತಿ ಇಳಿಯುತ್ತಲೇ ಇತ್ತು. ಕಾಮೆಂಟ್ ಬೇಡ ಅಂದವರ ಡೇಟಾ ತಿನ್ನುವುದು ಯಾವ ನ್ಯಾಯ? ಪುಟದ ತಲೆಯಲ್ಲೇ ನಾಲ್ಕು ಸಾಲಿನ ಸ್ಕ್ರಿಪ್ಟ್ ಇಟ್ಟೆ. ಪುಟದ ಮೈ ಭಾಗ ಪರದೆಯಲ್ಲಿ ಮೂಡುವ ಮೊದಲೇ ಇವರಿಗೆ ಕಾಮೆಂಟ್ ಬೇಡ ಅಂತ ಅದು ಗುರುತು ಹಾಕುತ್ತದೆ. ತೆರೆಯಿರಿ ಅಂತ ಒತ್ತುವ ತನಕ ವಿಜೆಟ್ ಇಳಿಯುವುದೇ ಇಲ್ಲ.

ಎರಡನೇ ಸೋಲು ಜಾಸ್ತಿ ನೋವು ಕೊಟ್ಟಿತು. ಓದುಗರ ಆಯ್ಕೆಯನ್ನು ಅವರ ಬ್ರೌಸರಿನದೇ ನೆನಪಾದ ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟಿದ್ದೆ. ನನ್ನ ಫೋನಿನಲ್ಲಿ ಎಲ್ಲ ಸರಿ ಇತ್ತು. ಎರಡು ವಾರ ಕಳೆದ ಮೇಲೆ ಮೇಲ್ ಬರಲು ಶುರು. "ಮುಚ್ಚಿದ್ದೆ, ಮತ್ತೆ ಎದುರಿಗೆ ಬಂದು ನಿಂತಿವೆ." ಬರೆದವರೆಲ್ಲ ಐಫೋನಿನವರು. 2020ರ ಮಾರ್ಚ್‌ನಿಂದ ಐಫೋನಿನ ಬ್ರೌಸರ್ ಸಫಾರಿ ಒಂದು ನಿಯಮ ಮಾಡಿಕೊಂಡಿದೆ. ನೀವು ಬ್ರೌಸರ್ ಬಳಸಿದ ಏಳು ದಿನ ಆ ಸೈಟನ್ನು ಮುಟ್ಟದಿದ್ದರೆ, ಸ್ಕ್ರಿಪ್ಟ್ ಇಟ್ಟ ನೆನಪನ್ನೆಲ್ಲ ಅಳಿಸುತ್ತದೆ. ನಮ್ಮ ಓದುಗರು ಬರುವುದೇ ಹತ್ತು ಹದಿನೈದು ದಿನಕ್ಕೊಮ್ಮೆ. ಮುಚ್ಚಿದ್ದೇನೆ ಅಂತ ನಂಬಿ ಧೈರ್ಯವಾಗಿ ಕೆಳಗೆ ಇಳಿದವರ ಮುಖಕ್ಕೆ ಕಾಮೆಂಟ್ ಹೊಡೆದ ಹಾಗಾಯಿತು. ಬಟನ್ ಇಲ್ಲದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಸರ್ವರಿನಿಂದಲೇ ಕುಕಿ, ಅಂದರೆ ಆಯ್ಕೆ ನೆನಪಿಡುವ ಚಿಕ್ಕ ಚೀಟಿ, ಕೊಟ್ಟೆ. ಅದಕ್ಕೆ ಆ ಏಳು ದಿನದ ಕಾಟ ಇಲ್ಲ. ಕ್ರೋಮ್ 400 ದಿನದ ಮಿತಿ ಹಾಕುತ್ತದೆ, ಪ್ರತಿ ಭೇಟಿಯಲ್ಲೂ ಹೊಸದು ಮಾಡಿದರೆ ಆಯಿತು. ಆದರೆ ಅವಸರದಲ್ಲಿ ಕುಕಿ ನೋಡಿ ಬೇರೆ ಬೇರೆ ಪುಟ ಕಳಿಸುವ ಹಾಗೆ ಮಾಡಿದೆ. ಕುಕಿ ಬೇರೆಯಾದರೆ ಪುಟವೂ ಬೇರೆ ಅಂತ ಹೇಳುವ ವೇರಿ ಕುಕಿ ಹೆಡರ್ ಹಾಕಿದೆ. ಮಾಡಿದವರಿಗೆ ಗೊತ್ತಿರುತ್ತದೆ ಮುಂದೇನಾಯಿತು ಅಂತ. ಪುಟದ ಪ್ರತಿ ಇಟ್ಟುಕೊಂಡು ಎಲ್ಲರಿಗೂ ಹಂಚುವ ಸಿಡಿಎನ್‌ನ ಕ್ಯಾಶ್ ನೆಲ ಕಚ್ಚಿತು, ಹೆಚ್ಚುಕಡಿಮೆ ಎಲ್ಲ ಪುಟವನ್ನೂ ನಮ್ಮ ಸರ್ವರೇ ಕೊಡಬೇಕಾಯಿತು. ಆ ತಿಂಗಳ ಸರ್ವರ್ ಬಿಲ್ಲು ಹತ್ತಿರಹತ್ತಿರ ಮೂರು ಪಟ್ಟು. ಪಾಲುದಾರರು ಬಿಲ್ಲನ್ನು ನನ್ನ ಮುಂದೆ ಇಟ್ಟು ಏನೂ ಮಾತಾಡದೆ ಹೋದರು. ಈಗ ಪುಟ ಎಲ್ಲರಿಗೂ ಒಂದೇ. ಕುಕಿ ಕೊಡುವುದಷ್ಟೇ ಸರ್ವರ್ ಕೆಲಸ, ಓದುವುದು ಆ ನಾಲ್ಕು ಸಾಲಿನ ಸ್ಕ್ರಿಪ್ಟ್.

ಇಷ್ಟಾದರೂ ಬಟನ್ ಒತ್ತಿದವರು ನೂರಕ್ಕೆ ಇಬ್ಬರು. "ನೋಡಿದ್ರಾ, ಯಾರಿಗೂ ಬೇಕಾಗಿಲ್ಲ" ಅಂದರು ಪಾಲುದಾರರು. ನಾನೂ ಹೆಚ್ಚುಕಡಿಮೆ ಕೈ ಬಿಟ್ಟಿದ್ದೆ. ಆಗ ಮತ್ತೆ ಅಕ್ಕನ ಬೆರಳು ನೆನಪಾಯಿತು. ಬಟನ್ ಇದ್ದದ್ದು ಎಲ್ಲಿ? ಕಾಮೆಂಟ್ ವಿಭಾಗದ ನೆತ್ತಿಯ ಮೇಲೆ. ಅವಳು ಅಲ್ಲಿಗೆ ಹೋಗುವುದೇ ಇಲ್ಲವಲ್ಲ! ಹಾವಿಗೆ ಹೆದರುವವರಿಗೆ ಕೋಲನ್ನು ಹುತ್ತದ ಪಕ್ಕ ಇಟ್ಟ ಹಾಗಿತ್ತು.

ಬಟನ್ನನ್ನು ಲೇಖನದ ಶುರುವಿಗೆ ತಂದೆ. ಅಕ್ಷರ ದೊಡ್ಡದು ಮಾಡುವ ಗುಂಡಿಯ ಪಕ್ಕ. ‘ಕಾಮೆಂಟ್ ಮರೆಮಾಡಿ’ ಅಂತ ಇದ್ದದ್ದನ್ನು ‘ಲೇಖನ ಮಾತ್ರ’ ಅಂತ ಬದಲಿಸಿದೆ. ಮರೆಮಾಡಿ ಅಂದರೆ ಏನೋ ತಪ್ಪು ಮಾಡುತ್ತಿದ್ದೇವೆ ಅನ್ನಿಸುತ್ತದೆ ಅಂತ ಓದುಗರೊಬ್ಬರು ಹೇಳಿದ್ದರು. ಒಂದು ತಿಂಗಳಲ್ಲಿ ನೂರಕ್ಕೆ ಹನ್ನೊಂದು ಹನ್ನೆರಡು ಜನ ಒತ್ತಿದರು. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಈ ಜಾಗ ಬದಲಿಸಿದ್ದಕ್ಕೆ. ನಾನು ನೋಡಿದ ಸೈಟುಗಳಲ್ಲೆಲ್ಲ ಬಟನ್ ಇರುವುದು ಕೆಳಗೇ.

ಮುಚ್ಚಿದ ಮೇಲೂ ‘214 ಕಾಮೆಂಟ್’ ಅಂತ ಸಂಖ್ಯೆ ಉಳಿಸಿದ್ದೆ. "ಆ ಸಂಖ್ಯೆ ನೋಡಿದರೇ ಎದೆ ಹೊಡ್ಕೊಳ್ಳುತ್ತೆ" ಅಂತ ಒಬ್ಬರು ಬರೆದರು. ತೆಗೆದೆ. ಈಗ ಒಂದು ತೆಳು ಗೆರೆ, ಬೇಕಾದರೆ ತೆರೆಯಿರಿ ಅನ್ನುವ ಎರಡು ಪದ, ಅಷ್ಟೇ. ದೃಷ್ಟಿ ಇಲ್ಲದ ಓದುಗರೊಬ್ಬರು ಫೋನ್ ಮಾಡಿದಾಗ ಇನ್ನೊಂದು ತಪ್ಪು ಗೊತ್ತಾಯಿತು. ನನ್ನ ಬಟನ್ ಕೋಡಿನಲ್ಲಿ ನಿಜವಾದ ಬಟನ್ ಆಗಿರಲಿಲ್ಲ, ಬರೀ ಡಿವ್, ಅಂದರೆ ಹೆಸರಿಲ್ಲದ ಖಾಲಿ ಡಬ್ಬಿ. ಪುಟವನ್ನು ಓದಿ ಹೇಳುವ ಅವರ ಸ್ಕ್ರೀನ್ ರೀಡರ್‌ಗೆ ಅದು ಇದೆ ಅಂತಲೇ ಗೊತ್ತಿಲ್ಲ. ಅವರು ಪ್ರತಿ ಸಲ ‘ಉತ್ತರಿಸಿ’, ‘ಉತ್ತರಿಸಿ’ ಅಂತ ನಲವತ್ತು ಸಲ ಕೇಳಿಸಿಕೊಂಡು ಮುಂದಿನ ಲೇಖನಕ್ಕೆ ಹೋಗುತ್ತಿದ್ದರಂತೆ. ಅವತ್ತೇ ಸರಿ ಮಾಡಿದೆ.

ಈಗ ದುಡ್ಡಿನ ವಿಷಯ. ಕಾಮೆಂಟ್ ನಡುವೆ ಮತ್ತು ಕೆಳಗೆ ಇದ್ದ ಜಾಹೀರಾತುಗಳಿಂದ ನಮ್ಮ ಆದಾಯದ ಎಂಟರಲ್ಲಿ ಒಂದು ಪಾಲು ಬರುತ್ತಿತ್ತು. ಪಾಲುದಾರರ ಭಯ ಸುಳ್ಳಲ್ಲ. ಮೊದಲ ಎರಡು ತಿಂಗಳು ಒಟ್ಟು ಆದಾಯ ಶೇ. 5, 6ರಷ್ಟು ಬಿತ್ತು. ರಾತ್ರಿ ನಿದ್ದೆ ಇರಲಿಲ್ಲ. ಆದರೆ ಲೇಖನದ ಕೊನೆ ತಲುಪುವವರು ಜಾಸ್ತಿ ಆಗುತ್ತಿದ್ದರು, ಅದು ಕಣ್ಣಿಗೆ ಕಾಣುತ್ತಿತ್ತು. ‘ಮುಂದೆ ಓದಿ’ ಪಟ್ಟಿ ಕಾಮೆಂಟ್‌ಗಳ ಅಡಿಯಲ್ಲಿ ಹೂತುಹೋಗಿತ್ತು. ಅದನ್ನು ಲೇಖನ ಮುಗಿದ ಕೂಡಲೇ ಬರುವ ಹಾಗೆ ಮೇಲೆ ತಂದೆ. ನಾಲ್ಕನೇ ತಿಂಗಳಿಗೆ ಆದಾಯ ಮೊದಲಿನ ಮಟ್ಟಕ್ಕೆ ಬಂತು, ಆರನೇ ತಿಂಗಳಿಗೆ ಅದನ್ನೂ ದಾಟಿತು. ಕೊನೆಯ ಜಾಹೀರಾತನ್ನು ಎಲ್ಲಿಟ್ಟೆ, ಎಷ್ಟು ಅಂತರ ಬಿಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಹೊಟ್ಟೆಪಾಡು.

ಯಾರೂ ನಿರೀಕ್ಷಿಸದ್ದು ಕಾಮೆಂಟ್‌ಗಳ ಕಡೆ ಆಯಿತು. ಒಟ್ಟು ಸಂಖ್ಯೆ ಸುಮಾರು ಶೇಕಡಾ ಹದಿನೈದರಷ್ಟು ಇಳಿಯಿತು. ಅಳಿಸಬೇಕಾದವು ಮಾತ್ರ ಹತ್ತಿರಹತ್ತಿರ ಅರ್ಧ ಆದವು. ಯಾಕೆ ಅಂದರೆ ಜಗಳಕ್ಕೆ ಇಬ್ಬರು ಬೇಕು. ಕೆಟ್ಟ ಮಾತಿಗೆ ಕೆರಳಿ ರಾತ್ರಿಯೆಲ್ಲ ಉತ್ತರ ಕೊಡುತ್ತಿದ್ದ ಒಳ್ಳೆಯ ಜನರೇ ಮೊದಲು ಬಟನ್ ಒತ್ತಿದರು. ಕೆಣಕುವವರಿಗೆ ಎದುರು ಮಾತು ಸಿಗಲಿಲ್ಲ. ಕಾಮೆಂಟ್ ನೋಡಿಕೊಳ್ಳುವವರಿಗೆ ದಿನಕ್ಕೆ ನಾಲ್ಕು ಗಂಟೆಯ ಸಂಬಳ ಕೊಡುತ್ತಿದ್ದೆವು. ಈಗ ಎರಡೂವರೆ ಗಂಟೆ ಸಾಕು. ಉಳಿದ ಹೊತ್ತಿನಲ್ಲಿ ಅವರು ಮಾಡುವ ಕೆಲಸವೇ ಈ ಪದ್ಧತಿಯ ಬೆನ್ನೆಲುಬು. ಕಾಮೆಂಟ್‌ನಲ್ಲಿ ಬಂದ ನಿಜವಾದ ತಿದ್ದುಪಡಿಯನ್ನು ಎತ್ತಿ ಲೇಖನದ ತಲೆಯ ಮೇಲೆ ಹಾಕುತ್ತಾರೆ. ಮುಚ್ಚಿಕೊಂಡವರಿಗೂ ಅದು ಕಾಣಬೇಕು. ಇದನ್ನು ಮಾಡಲು ಆಗದಿದ್ದರೆ ಮುಚ್ಚುವ ಬಟನ್ ಕೊಡಲೇಬೇಡಿ ಅನ್ನುತ್ತೇನೆ. ಮಿಲಿಗ್ರಾಂ ತಪ್ಪು ನಮ್ಮದು, ಅದರ ಸುದ್ದಿ ಬಾಗಿಲ ಹಿಂದೆ ಉಳಿಯಬಾರದು.

ನಡುವೆ ಬೇರೆ ಪ್ರಯೋಗಗಳೂ ಆದವು. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2017ರಲ್ಲಿ ಕಾಮೆಂಟ್ ಹಾಕುವ ಮುಂಚೆ ಲೇಖನದ ಬಗ್ಗೆ ಮೂರು ಪ್ರಶ್ನೆ ಕೇಳಿತ್ತು. ಓದದೆ ಬರೆಯುವವರನ್ನು ತಡೆಯಲು. ನಾನೂ ಹಾಕಿದೆ. ಮೂರೇ ವಾರಕ್ಕೆ ತೆಗೆದೆ. ಪ್ರಶ್ನೆ ಬರೆಯುವುದೇ ಲೇಖನ ಬರೆದಷ್ಟು ಕೆಲಸ. ಆಮೇಲೆ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರ ತನಕ ಎಲ್ಲರಿಗೂ ತಾನಾಗಿಯೇ ಮುಚ್ಚುವ ಹಾಗೆ ಮಾಡಿದೆ. ಹಳೇ ಓದುಗರು ರೇಗಿದರು, ರಾತ್ರಿ ಪಾಳಿಯವರು ಏನು ಮಾಡಬೇಕು ಅಂತ. ಅವರು ಹೇಳಿದ್ದು ಸರಿ. ಯಾರ ಪರವಾಗಿಯೂ ನಾನು ಮುಚ್ಚಬಾರದು. ಈಗ ಅದೂ ಓದುಗರ ಕೈಯಲ್ಲೇ ಇದೆ.

ಇನ್ನೊಂದು ಪ್ರಯೋಗ ಮಾತ್ರ ಉಳಿಯಿತು. ಲೇಖಕರಿಗೂ ಅದೇ ಬಟನ್. ಗಾರ್ಡಿಯನ್ ಪತ್ರಿಕೆ 2016ರಲ್ಲಿ ತನ್ನ ಏಳು ಕೋಟಿ ಕಾಮೆಂಟ್‌ಗಳನ್ನು ಜಾಲಾಡಿತ್ತು. ಅತಿ ಹೆಚ್ಚು ಬೈಗುಳ ತಿಂದ ಹತ್ತು ಬರಹಗಾರರಲ್ಲಿ ಎಂಟು ಜನ ಹೆಂಗಸರು, ಇಬ್ಬರು ಕಪ್ಪು ವರ್ಣದ ಗಂಡಸರು. ನಮ್ಮಲ್ಲಿ ಚೆನ್ನಾಗಿ ಬರೆಯುತ್ತಿದ್ದ ವೈದ್ಯೆಯೊಬ್ಬರು ಒಂದು ದಿನ "ಇನ್ನು ಆಗಲ್ಲ" ಅಂತ ನಿಲ್ಲಿಸಿದ್ದರು. ಅವರಿಗೆ ಕಾಮೆಂಟ್ ಕಾಣದ ಹಾಗೆ, ಮೇಲ್ ಕೂಡ ಹೋಗದ ಹಾಗೆ ಮಾಡಿದೆ. ವಾರಕ್ಕೊಮ್ಮೆ ತಿದ್ದುಪಡಿಗಳು ಮತ್ತು ಒಳ್ಳೆಯ ಪ್ರಶ್ನೆಗಳು ಮಾತ್ರ ಒಂದು ಹಾಳೆಯಲ್ಲಿ ಅವರಿಗೆ ಹೋಗುತ್ತವೆ. ಏಳು ತಿಂಗಳ ನಂತರ ಅವರು ಮತ್ತೆ ಬರೆದರು. ಆ ಹಾಳೆಗೆ ಯಾವುದನ್ನು ಆರಿಸುತ್ತೇವೆ ಅನ್ನುವ ನಿಯಮ ಕೇಳಬೇಡಿ. ಗೊತ್ತಾದರೆ ಅದಕ್ಕೆ ತಕ್ಕಂತೆ ಬರೆಯುವವರು ಇದ್ದಾರೆ.

ಈಗಲೂ ಕೆಲವರು ಕೇಳುತ್ತಾರೆ, ಇಂಥ ಬಟನ್ ಕೊಡಬೇಕಾ ಅಂತ. ಕಂಪ್ಯೂಟರ್ ಗೊತ್ತಿರುವವರು ಯಾವತ್ತೋ ಮುಚ್ಚಿಕೊಂಡಿದ್ದಾರೆ. ಫೈರ್‌ಫಾಕ್ಸ್‌ನಂಥ ಬ್ರೌಸರಿಗೆ ಯುಬ್ಲಾಕ್ ಒರಿಜಿನ್ ಅನ್ನುವ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕಿಕೊಂಡು ಆ ಭಾಗವನ್ನು ಆರಿಸಿ ಮರೆಮಾಡಿದರೆ ಮುಗಿಯಿತು. ಎಲ್ಲ ಸೈಟುಗಳ ಕಾಮೆಂಟ್ ಮುಚ್ಚಲೆಂದೇ ‘ಶಟ್ ಅಪ್’ ಅನ್ನುವ ಎಕ್ಸ್‌ಟೆನ್ಶನ್ ಇದೆ. ಫೋನಿನಲ್ಲಿ ಓದುವ, ಇದ್ಯಾವುದೂ ಗೊತ್ತಿಲ್ಲದ ಜನಕ್ಕೆ ಮಾತ್ರ ದಾರಿ ಇರಲಿಲ್ಲ. ನಾನು ಕೊಟ್ಟದ್ದು ಅವರಿಗೆ.

ಹೋದ ತಿಂಗಳು ಅಕ್ಕ ಫೋನ್ ಮಾಡಿದಳು. "ನಿಮ್ಮ ಆ ಕಣ್ಣಿನ ಪೊರೆ ಲೇಖನದ ಕೊನೇ ಸಾಲು ಅರ್ಧಕ್ಕೇ ನಿಂತಿದೆ ನೋಡೋ," ಅಂದಳು. ತೆಗೆದು ನೋಡಿದೆ. ಹಾಕಿದ ದಿನದಿಂದಲೂ ಹಾಗೇ ಇತ್ತು, ಮೂರು ವರ್ಷ. ಪೂರ್ತಿ ಮಾಡಿ ಅವಳಿಗೆ ಲಿಂಕ್ ಕಳಿಸಿದೆ.