ಮಳೆಯಲ್ಲಿ ನೆನೆದ ಡಬ್ಬಿಯಲ್ಲೂ ಬೆರಳಚ್ಚು ಸಿಗುತ್ತದೆ ಮಾರಾಯ್ರೆ

ಸೀರಿಯಲ್‌ಗಳಲ್ಲಿ ಮಳೆ ಬರುವುದು ಹೀರೋಯಿನ್ ಅಳುವಾಗ ಮಾತ್ರ. ಕಳ್ಳತನ ಆದ ಮನೆ ಯಾವಾಗಲೂ ಒಣಗಿರುತ್ತದೆ. ಕೋಟು ಹಾಕಿದವ ಬರ್ತಾನೆ, ಟಾರ್ಚ್ ಬಿಡ್ತಾನೆ, ಗ್ಲಾಸಿನ ಮೇಲೆ ಬೆರಳಚ್ಚು ಕಾಣ್ತದೆ, ಕಂಪ್ಯೂಟರ್ ಟಕಟಕ ಅಂತ ಹತ್ತು ಸೆಕೆಂಡಲ್ಲಿ ಕಳ್ಳನ ಫೋಟೋ ತೋರಿಸ್ತದೆ. ಆಮೇಲೆ ಅದೇ ಕೋಟಿನವನೇ ಓಡಿ ಹೋಗಿ ಕಳ್ಳನನ್ನು ಹಿಡಿಯುವುದು! ಪೊಲೀಸರಿಗೆ ಬೆರಳಚ್ಚು ಎತ್ತಿ ಕೊಡುವುದು ನನ್ನ ಕೆಲಸ, ಇಷ್ಟು ವರ್ಷದಲ್ಲಿ ನಾನು ಯಾರನ್ನೂ ಓಡಿಸಿಕೊಂಡು ಹೋದವನಲ್ಲ. ಆರೋಪಿಯ ಮುಖ ನೋಡುವುದೇ ಕೋರ್ಟಿನಲ್ಲಿ, ಅದೂ ಕೆಲವೊಮ್ಮೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಂಗಳೂರು, ಉಡುಪಿ ಕಡೆ ಬ್ರಶ್ಶು ಪೌಡರು ಹಿಡಿದುಕೊಂಡು ಹೋದವರ ಪಾಡು ನಿಮಗೆ ಗೊತ್ತಿದೆ. ಪೌಡರ್ ಹಾಕಿದ ಕೂಡಲೇ ಅಕ್ಕಿಹಿಟ್ಟಿನ ಹಾಗೆ ಗಂಟು ಕಟ್ಟುತ್ತದೆ. ಹೆಚ್ಚಿನವರು ಮಹಜರಿನಲ್ಲಿ 'ಚಾನ್ಸ್ ಪ್ರಿಂಟ್ ದೊರೆತಿಲ್ಲ' (ಸ್ಥಳದಲ್ಲಿ ಬಿಟ್ಟುಹೋದ ಬೆರಳಚ್ಚು ಸಿಕ್ಕಿಲ್ಲ) ಅಂತ ಬರೆಸಿ ಚಾ ಕುಡಿದು ವಾಪಸ್. ನಾನೂ ಅದನ್ನೇ ಮಾಡುತ್ತಿದ್ದೆ, ಸುಳ್ಳು ಯಾಕೆ ಹೇಳುವುದು.

ಒದ್ದೆ ವಸ್ತುವಿಗೆ ಎಸ್‌ಪಿಆರ್ (ಸ್ಮಾಲ್ ಪಾರ್ಟಿಕಲ್ ರಿಏಜೆಂಟ್) ಇದೆ ಅಂತ ಟ್ರೈನಿಂಗಿನಲ್ಲಿ ಎಲ್ಲರೂ ಕೇಳಿದ್ದೇವೆ. ಮಾಲಿಬ್ಡಿನಮ್ ಡೈಸಲ್ಫೈಡ್ ಪುಡಿಯನ್ನು ಸೋಪು ನೀರಿನಲ್ಲಿ ಕದಡಿದ ಕಪ್ಪು ನೀರು. ಬೆವರು ಮಳೆಗೆ ತೊಳೆದು ಹೋದರೂ ಬೆರಳಿನ ಜಿಡ್ಡು ಅಲ್ಲೇ ಇರುತ್ತದಲ್ಲ, ಪುಡಿ ಅದಕ್ಕೆ ಹಿಡಿಯುತ್ತದೆ. ಆದರೆ ಕೈಯಲ್ಲಿ ಹಿಡಿದು ಮಾಡಿದವರು ಎಷ್ಟು ಜನ? ರೆಡಿ ಬಾಟ್ಲಿ ಬೇಕು ಅಂತ ಆಫೀಸಿನಲ್ಲಿ ಇಂಡೆಂಟ್ (ಬೇಡಿಕೆ ಪತ್ರ) ಹಾಕಿದ್ದೆ. ಒಂದು ಮಳೆಗಾಲ ಹೋಯಿತು, ಎರಡನೆಯದೂ ಹೋಯಿತು. ಕಡೆಗೆ ವರ್ಕ್‌ಶಾಪಿನವರು ಗ್ರೀಸಿಗೆ ಬೆರೆಸುವ ಅದೇ ಪುಡಿಯನ್ನು ಕೈಯಿಂದ ದುಡ್ಡು ಕೊಟ್ಟು ತಂದೆ. ಕಾಲು ಕೆಜಿಗೆ 700-800 ರೂಪಾಯಿ ಇರಬೇಕು. ಸ್ಪ್ರೇ ಬಾಟ್ಲಿ, ಟ್ರೇ, ಹಾಳಾದ ಎರಡು ಅಂಗಿ ಎಲ್ಲ ಸೇರಿಸಿದರೆ ಆ ವರ್ಷ ಎರಡೂವರೆ ಸಾವಿರ ನೀರಿಗೆ ಹಾಕಿದ್ದೇನೆ. ಹಿರಿಯರೊಬ್ಬರು 'ಬೈಕಿನ ಚೈನಿಗೆ ಹಾಕುವುದನ್ನು ಕೇಸಿಗೆ ಹಾಕ್ತೀಯಾ?' ಅಂತ ನಗಾಡಿದರು.

ಮೊದಲ ತಿಂಗಳು ಪೂರ್ತಿ ಫೇಲು. ಪಾತ್ರೆ ತೊಳೆಯುವ ಲಿಕ್ವಿಡ್ ಜಾಸ್ತಿಯಾದರೆ ಪುಡಿ ಎಲ್ಲಿಯೂ ಹಿಡಿಯುವುದಿಲ್ಲ, ಕಡಿಮೆಯಾದರೆ ಮೇಲೆ ತೇಲುತ್ತದೆ. ಹದಕ್ಕೆ ಬಂತು ಅಂದುಕೊಂಡರೆ ಬಾಟ್ಲಿ ಅಲ್ಲಾಡಿಸಲು ಮರೆತು ಬರೀ ಸೋಪು ನೀರು ಹೊಡೆದದ್ದೂ ಉಂಟು. ಒಮ್ಮೆ ಚಂದದ ಹೆಬ್ಬೆರಳು ಮೂಡಿತ್ತು, ಗೆರೆಗಳೆಲ್ಲ ಕಾಣುತ್ತಿದ್ದವು, ಖುಷಿಯಲ್ಲಿ ನಲ್ಲಿಯ ಕೆಳಗೆ ಹಿಡಿದೆ. ಹೋಯಿತು. ಈಗ ತೊಳೆಯಲು ಇನ್ನೊಂದು ಸ್ಪ್ರೇ ಬಾಟ್ಲಿ ಇಟ್ಟಿದ್ದೇನೆ. ಅಚ್ಚಿನ ಮೇಲೆಯೇ ಹೊಡೆಯುವುದಿಲ್ಲ, ಅದರ ಮೇಲ್ಭಾಗಕ್ಕೆ ಹೊಡೆದು ನೀರು ತಾನಾಗಿ ಇಳಿಯಲು ಬಿಡುತ್ತೇನೆ. ಪುಡಿ, ಸೋಪಿನ ಅಳತೆ ಮಾತ್ರ ಇಲ್ಲಿ ಹೇಳುವುದಿಲ್ಲ. ನನಗೆ ಒಂದು ಮಳೆಗಾಲ ಬೇಕಾಯಿತು, ನೀವೂ ಸ್ವಲ್ಪ ಕಷ್ಟಪಡಿ. ಯಾವ ನೀರು ಅನ್ನುವುದರಲ್ಲೂ ಒಂದು ಗುಟ್ಟಿದೆ.

ಮನೆಯಲ್ಲಿ ಮಾಡಿದ ಪ್ರಯೋಗಗಳಿಗೆ ಲೆಕ್ಕ ಇಲ್ಲ. ಸ್ಟೀಲ್ ಬಟ್ಟಲು ಮುಟ್ಟಿ ಬಾವಿಕಟ್ಟೆಯ ಬಕೆಟಿನಲ್ಲಿ ಮುಳುಗಿಸಿಡುವುದು, ಒಂದು ದಿನ, ಎರಡು ದಿನ, ನಾಲ್ಕು ದಿನ. ನಾಲ್ಕನೇ ದಿನವೂ ಸಿಕ್ಕಿದೆ, ಮಸುಕು. ಸಮುದ್ರದ ನೀರಿನಲ್ಲಿಟ್ಟದ್ದು ಅಷ್ಟು ಚೆನ್ನಾಗಿ ಬರಲಿಲ್ಲ. ಮೀನಿನ ಥರ್ಮಾಕೋಲ್ ಪೆಟ್ಟಿಗೆ ಕಥೆ ಕೇಳಬೇಡಿ, ಬಂಗುಡೆಯ ಜಿಡ್ಡಿಗೆ ಇಡೀ ಪೆಟ್ಟಿಗೆಯೇ ಕಪ್ಪಾಯಿತು. ಹೆಂಡತಿ ಬಟ್ಟಲುಗಳನ್ನು ವಾಪಸ್ ಅಡುಗೆಮನೆಗೆ ಸೇರಿಸಲೇ ಇಲ್ಲ.

ಅದರ ನಡುವೆಯೇ ಹಳೇ ಮೀನಿನ ಟ್ಯಾಂಕಿನಲ್ಲಿ ಬೆರಳಚ್ಚು ಮೂಡಿಸಲು ಫೆವಿಕ್ವಿಕ್ ಹೊಗೆ ಕೊಡುವುದನ್ನೂ ಮಾಡಿದೆ. ಅದಕ್ಕೆ ಒಳಗೆ ಶೇಕಡಾ 70-80 ತೇವ ಇದ್ದರೆ ಒಳ್ಳೆಯದು, ಬೇರೆ ಊರಿನವರು ಬಿಸಿನೀರಿನ ಕಪ್ ಇಡುತ್ತಾರೆ. ನಮಗೆ ಆಗಸ್ಟಿನಲ್ಲಿ ಕಪ್ ಯಾಕೆ? ಕಿಟಕಿ ತೆಗೆದರೆ ಸಾಕು. ಪೌಡರನ್ನು ಹಾಳು ಮಾಡುವ ಹವೆ ಇಲ್ಲಿ ನಮ್ಮ ಕಡೆಗೆ ಕೆಲಸ ಮಾಡುತ್ತದೆ. ಆದರೆ ವಸ್ತು ಒದ್ದೆ ಇರಬಾರದು, ಆದ್ದರಿಂದ ಮಳೆಯ ಕೇಸಿಗೆ ಅದು ಉತ್ತರವಲ್ಲ. ಕಾಲಚ್ಚಿಗೂ ಹೀಗೆಯೇ ಒಂದು ದಾರಿ ಸಿಕ್ಕಿತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಚೀಲದಲ್ಲೇ ಕಲ್ಲಾಗುತ್ತಿತ್ತು, ಹಲ್ಲಿನ ಡಾಕ್ಟರರು ಅಚ್ಚು ತೆಗೆಯುವ ಡೆಂಟಲ್ ಸ್ಟೋನ್‌ಗೆ ಬದಲಾದೆ. ಡೆಂಟಲ್ ಕಾಲೇಜುಗಳಿರುವ ಊರಲ್ಲಿ ಅದಕ್ಕೇನು ಬರ? ನೀರು ನಿಂತ ಹೆಜ್ಜೆಗೆ ಒಣ ಪುಡಿಯನ್ನೇ ಜರಡಿ ಹಿಡಿದು ಉದುರಿಸಿದರೆ ಗಟ್ಟಿಯಾಗುತ್ತದೆ. ಆದರೆ ಒಂದೇ ಏಟಿಗೆ ಸುರಿಯಬೇಡಿ.

ಇನ್ನು ಆ ಕೇಸು. ಉಡುಪಿ ಕಡೆಯ ಒಂದು ಹಳ್ಳಿ, ಜುಲೈ, ಚಿನ್ನ ಇಟ್ಟಿದ್ದ ಸ್ಟೀಲ್ ಡಬ್ಬಿ ಮಾಯ. ನಾವು ಹೋಗುವಷ್ಟರಲ್ಲಿ ಚಾವಡಿಯಲ್ಲಿ ಇಪ್ಪತ್ತು ಜನ. ಮನೆಯ ಅಮ್ಮ ಕಪಾಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದರು. 'ನೀವೆಲ್ಲ ಬರ್ತೀರಲ್ಲ ಸರ್, ಗಲೀಜಿತ್ತು' ಅಂದರು. ಏನು ಹೇಳುವುದು? ಎರಡನೇ ದಿನ ಬೆಳಿಗ್ಗೆ ತೋಟದ ತೋಡಿನಲ್ಲಿ (ಸಣ್ಣ ಹಳ್ಳ) ಖಾಲಿ ಡಬ್ಬಿ ಸಿಕ್ಕಿತು. ಕಾನ್‌ಸ್ಟೇಬಲ್ ಒಬ್ಬರು ಬೈರಾಸಿನಲ್ಲಿ (ಟವೆಲಿನಲ್ಲಿ) ಒರೆಸಲು ಹೊರಟದ್ದನ್ನು ನಾನು ದೂರದಿಂದಲೇ ಬೊಬ್ಬೆ ಹಾಕಿ ನಿಲ್ಲಿಸಿದೆ. ಮನೆಯವರ ಬಕೆಟ್ ಕೇಳಿ, ತೋಡಿನ ನೀರನ್ನೇ ತುಂಬಿಸಿ, ಡಬ್ಬಿಯನ್ನು ಅದರೊಳಗೇ ಮುಳುಗಿಸಿಕೊಂಡು ಜೀಪಿನಲ್ಲಿ ತಂದೆ. ಅರ್ಧ ಒಣಗಿದರೆ ಕೆಟ್ಟಿತು ಅಂತ ನನ್ನ ಲೆಕ್ಕ. ಕಾಲ ಮೇಲೆ ನೀರು ಚೆಲ್ಲಿದ್ದಕ್ಕೆ ಡ್ರೈವರಣ್ಣ ಇಡೀ ದಾರಿ ಬೈದರು.

ಮುಚ್ಚಳದ ಮೇಲೆ ಮೊದಲು ಒಂದು ಹೆಬ್ಬೆರಳು ಎದ್ದಿತು. ಅದೇ ಹಿರಿಯರು ಓಡಿ ಬಂದು ನೋಡಿದರು. ಮನೆಯವರ ಬೆರಳಚ್ಚು ತೆಗೆದುಕೊಂಡಿದ್ದೆವಲ್ಲ, ಹೋಲಿಸಿದರೆ ಯಜಮಾನರದ್ದು! ಎರಡು ದಿನ ತೋಡಿನಲ್ಲಿದ್ದ ಡಬ್ಬಿಯಲ್ಲಿ ಅಚ್ಚು ಸಿಕ್ಕಿದೆ ಅನ್ನುವುದು ಯಾರಿಗೂ ಬೇಡ, ಕಳ್ಳನದ್ದಲ್ಲ ಅನ್ನುವುದೇ ಎಲ್ಲರ ಬಾಯಲ್ಲಿ. ನಾನು ಇನ್ನೊಮ್ಮೆ ಹೊಡೆದೆ, ಈ ಸಲ ಮುಚ್ಚಳದ ಅಂಚಿನ ಒಳಮೈಗೆ. ಮಳೆ ನೇರ ಬೀಳದ ಜಾಗ. ಅಲ್ಲಿ ಎರಡು ಬೆರಳು ಅಕ್ಕಪಕ್ಕ, ಒಂದು ಅರ್ಧ, ಒಂದು ಪೂರ್ತಿ. ಸ್ಕೇಲ್ ಇಟ್ಟು ಫೋಟೋ ತೆಗೆದು, ಒಣಗಿದ ಮೇಲೆ ಟೇಪಿನಲ್ಲಿ ಎತ್ತಿದೆ.

ಕಂಪ್ಯೂಟರ್ ಹೆಸರು ಹೇಳುವುದಿಲ್ಲ, ಸಾಲಾಗಿ ಒಂದಷ್ಟು ಹತ್ತಿರದ ಅಚ್ಚುಗಳನ್ನು ಕೊಡುತ್ತದೆ ಅಷ್ಟೇ. ಅವನ್ನು ಒಂದೊಂದಾಗಿ ಕಣ್ಣಿಟ್ಟು ನೋಡುವವರು ನಾವು. ಮೂರು ವಾರ ಹಿಡಿಯಿತು, ಹಳೇ ಕೇಸಿನವನೊಬ್ಬ ಸಿಕ್ಕಿದ. ಬೆರಳಿನ ಗೆರೆಗಳ ಒಂಬತ್ತೋ ಹತ್ತೋ ಅಂಶ ತಾಳೆಯಾಗಿತ್ತು. ಹಿರಿಯರು 'ಆ ಬಾಟ್ಲಿ ಒಂದು ನನಗೂ ಮಾಡಿಕೊಡು' ಅಂದರು. ನಾನು ಮಾಡಿಕೊಟ್ಟೆ, ಅಳತೆ ಹೇಳಲಿಲ್ಲ.

ಈಗ 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 7 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧಗಳಿಗೆ ವಿಧಿವಿಜ್ಞಾನದವರು ಸ್ಥಳಕ್ಕೆ ಹೋಗಬೇಕು, ವಿಡಿಯೋ ಮಾಡಬೇಕು ಅಂತಿದೆ. ಹೊಸ ಹುಡುಗರು, ಹುಡುಗಿಯರು ಬರುತ್ತಿದ್ದಾರೆ. ಅವರಿಗೆ ಒಂದು ಮಾತು: ಪ್ರತಿ ಸಲ ಕೇಸಿನ ವಸ್ತುವಿಗೆ ಹೊಡೆಯುವ ಮೊದಲು ಅಂಥದ್ದೇ ಬೇರೆ ತಗಡಿನ ಮೇಲೆ ನಿಮ್ಮ ಬೆರಳೊತ್ತಿ, ನೀರಿಗೆ ಹಾಕಿ, ಪರೀಕ್ಷೆ ಮಾಡಿ, ತಾರೀಖು ಹಾಕಿ ಬರೆದಿಡಿ. ಯಾಕೆಂದರೆ ಕೋರ್ಟಿನಲ್ಲಿ ನನ್ನನ್ನು ಸುಮಾರು ಎರಡು ಗಂಟೆ ನಿಲ್ಲಿಸಿದ್ದರು. ವಕೀಲರು ಕೇಳಿದರು, 'ಈ ದ್ರಾವಣವನ್ನು ನೀವು ಗ್ಯಾರೇಜಿಗೆ ಸಾಮಾನು ಮಾರುವ ಅಂಗಡಿಯಿಂದ ತಂದದ್ದಂತೆ, ಹೌದಾ?'

'ಹೌದು ಸರ್, ಪುಡಿ ಅಲ್ಲಿಂದ. ಬಿಲ್ಲು ಇದೆ' ಅಂದೆ. ಪುಸ್ತಕ ತೆಗೆದು ಆ ದಿನದ ಪರೀಕ್ಷೆಯ ತಗಡಿನ ಫೋಟೋ ತೋರಿಸಿದೆ. ನ್ಯಾಯಾಧೀಶರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಆ ಫೋಟೋದಲ್ಲಿದ್ದದ್ದು ನನ್ನ ಬಲಗೈ ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ಕಪ್ಪು ಇಟ್ಟುಕೊಂಡೇ ನಾನು ಅದನ್ನು ಅವರಿಗೆ ತೋರಿಸುತ್ತಿದ್ದೆ.