ಪಪ್ಪಾಯಿ ತೋಟದ ಶಂಖದ ಹುಳು: ಕೊನೆಗೆ ಕೈಹಿಡಿದಿದ್ದು ಗೋಣಿಚೀಲ

"ನಮ್ಮ ಜಮಖಂಡಿ ಬಿಸಿಲಿಗೆ ಶಂಖದ ಹುಳು ಎಲ್ಲಿಂದ ಬರ್ತಾವೋ ತಮ್ಮಾ" ಎಂದು ಪಕ್ಕದ ಹೊಲದ ಕಾಕಾ ನಕ್ಕಿದ್ದರು. ಶಂಖದ ಹುಳು ಅಂದರೆ ಆಫ್ರಿಕಾದ ದೈತ್ಯ ಬಸವನಹುಳು. ಬಿಸಿಲಿಗೆ ಅದು ಸಾಯಲ್ಲ. ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಣ್ಣಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ, ಮಳೆ ಬಿದ್ದರೆ ಏಳುತ್ತದೆ. ನನಗೂ ಇದು ತಿಳಿದಿದ್ದು 400 ಪಪ್ಪಾಯಿ ಸಸಿ ಹೋದ ಮೇಲೆ. ಏಳೆಂಟು ಸಾವಿರ ಮಣ್ಣುಪಾಲು. ಸಸಿ ಚೀಲದ ಮಣ್ಣಲ್ಲೇ ಹುಳು ಬಂತು ಅಂತ ನನ್ನ ಅನುಮಾನ.

ಮೊದಲು ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಚೆಲ್ಲಿದೆ, ಸುಮಾರು 3,000 ರೂಪಾಯಿ. ಅದೇ ರಾತ್ರಿ ಮಳೆ! ಆಮೇಲೆ ಬದುವಿಗೆ ಉಪ್ಪು ಹಾಕಿದೆ. ಹುಳು ಸತ್ತವು, ಅಂಚಿನ ಎರಡು ಸಾಲು ಸಸಿಯೂ ಒಣಗಿದವು. ಆರು ಬಾತುಕೋಳಿ ತಂದೆ. ಮರಿಹುಳು ತಿಂದವು, ದೊಡ್ಡದನ್ನು ಮೂಸಿಯೂ ನೋಡಲಿಲ್ಲ. ಎರಡು ಬಾತು ನಾಯಿ ಪಾಲಾದವು.

ಒಂದು ಕಚೇರಿಗೆ ಫೋಟೋ ಕಳಿಸಿದರೆ "ಮಾಮೂಲಿ ಬಸವನಹುಳು, ಬಿಡ್ರಿ" ಅಂದರು. ಫೋಟೋ ಮಸುಕಾಗಿತ್ತು, ಅದು ನನ್ನ ತಪ್ಪು. ಎರಡನೇ ಸಲ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಬೆನ್ನಿಂದ ಒಂದು, ಬಾಯಿ ಕಡೆಯಿಂದ ಒಂದು, ಮೊಟ್ಟೆಯದ್ದೊಂದು ತೆಗೆದೆ. ಮೊಟ್ಟೆ ತೊಗರಿಕಾಳಿನಷ್ಟು, ತಿಳಿ ಹಳದಿ. ಬಾಯಿ ಕಡೆಯ ಫೋಟೋವೇ ಮುಖ್ಯ. ಆಫ್ರಿಕಾದ ಈ ಹುಳುವಿನ ಚಿಪ್ಪಿನ ನಡುಗಂಬ, ಅಂದರೆ ಚಿಪ್ಪಿನ ಸುರುಳಿ ಸುತ್ತಿಕೊಳ್ಳುವ ಒಳಗಿನ ಕಂಬ, ತುದಿಯಲ್ಲಿ ಕತ್ತರಿಸಿದ ಹಾಗೆ ಮೊಂಡಾಗಿರುತ್ತದೆ. ಸರ್ವೆ ನಂಬರ್ ಸಮೇತ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸಿದೆ. ಮೂರನೇ ದಿನ ಬಂದು ನೋಡಿ, ಅದೇ ಅಂದರು. ಆಗಲೇ ಸುತ್ತಲಿನ ಐದು ಹೊಲದವರು ಒಟ್ಟಿಗೆ ಹುಳು ಆರಿಸಲು ಒಪ್ಪಿದ್ದು, ಕಾಕಾ ಸಹ. ನಾನೊಬ್ಬನೇ ಆರಿಸಿ ಏನು ಬಂತು, ಪಕ್ಕದ ಬದುವಿಂದ ಮತ್ತೆ ಹತ್ತುತ್ತವಲ್ವಾ?

ಸಂಜೆ ಗೋಣಿಚೀಲ ನೆನೆಸಿ ಸಾಲಿನ ನಡುವೆ ಹಾಸಿದೆವು. ಚೀಲದಡಿ ಪಪ್ಪಾಯಿ ಎಲೆ, ಕೋಸಿನ ಸಿಪ್ಪೆ, ಬೆಲ್ಲ ಕಲಸಿದ ತವುಡು. ತವುಡಿಗೆ ನಾನು ಇನ್ನೊಂದು ಸೇರಿಸುತ್ತೇನೆ, ಅದು ಮಾತ್ರ ನನ್ನಲ್ಲೇ ಇರಲಿ. ಬಿಸಿಲೇರುವ ಮುಂಚೆ ಚೀಲ ಎತ್ತಿ ಅಡಿ ಸೇರಿದ ಹುಳು ಆರಿಸಬೇಕು. ಬರಿಗೈಲಿ ಮುಟ್ಟಬೇಡಿ. ಇಲಿಯ ಶ್ವಾಸಕೋಶದ ಜಂತು ಇದರಲ್ಲಿ ಇರಬಹುದು, ಅದು ಮನುಷ್ಯನ ಮೆದುಳಿಗೆ ಹೋಗುತ್ತದೆ. ಆರಿಸಿದ್ದನ್ನು ಉಪ್ಪುನೀರಿನ ಡ್ರಮ್ಮಿಗೆ ಹಾಕಿ ಗುಂಡಿಯಲ್ಲಿ ಹೂತೆವು. ಮೊದಲ ಬೆಳಿಗ್ಗೆ ನನ್ನ ಒಂದೂವರೆ ಎಕರೆಯಲ್ಲೇ ಮೂರು ಬುಟ್ಟಿ! ಮೂರು ವಾರಕ್ಕೆ ಕೂಲಿ, ಚೀಲ, ಬೆಲ್ಲ ಎಲ್ಲ ಸೇರಿ 2,500 ದಾಟಲಿಲ್ಲ.

ಈ ವಾರ ಚೀಲದಡಿ ಸಿಕ್ಕಿದ್ದು ನಾಲ್ಕೇ. ಆದರೆ ನಾಲ್ಕೂ ಬೆರಳುಗುರಿನಷ್ಟು ಮರಿ. ಎಲ್ಲೋ ಒಂದು ಮೊಟ್ಟೆಗುಡ್ಡೆ ನನ್ನ ಕಣ್ಣು ತಪ್ಪಿಸಿದೆ.