ಅನುದಾನ ಕೇಳುವ ಮೊದಲು ರಿಪೇರಿ ಪಟ್ಟಿ ಬರೆಯಿರಿ

ಪುಣೆ ಜಿಲ್ಲೆಯ ಜುನ್ನರ್ ಕಡೆ ಒಂದು ಹಳ್ಳಿ ಪಾಲಿಟೆಕ್ನಿಕ್‌ನಲ್ಲಿ ನಾನು ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ನನ್ನೂರು ಇಂಡಿ ಹತ್ತಿರ. ಇಲ್ಲಿನ ದ್ರಾಕ್ಷಿ ತೋಟಗಳಿಗೆ ದುಡಿಯಲು ಬಂದ ವಿಜಯಪುರ, ಕಲಬುರಗಿ ಕಡೆಯವರ ಮಕ್ಕಳೂ ನಮ್ಮಲ್ಲಿ ಓದುತ್ತಾರೆ. ಹಾಗಾಗಿ ಲ್ಯಾಬ್‌ನಲ್ಲಿ ಮರಾಠಿ ಜೊತೆ ಕನ್ನಡವೂ ಕಿವಿಗೆ ಬೀಳುತ್ತದೆ.

ಸೋಲಾರ್ ಲ್ಯಾಬ್‌ಗೆ ಸರ್ಕಾರದ ದುಡ್ಡು ಹೇಗೆ ತಂದಿರಿ ಅಂತ ಬೇರೆ ಕಾಲೇಜಿನವರು ಕೇಳುತ್ತಾರೆ. ಅವರಿಗೆ ಬೇಕಿರುವುದು ಯಂತ್ರಗಳ ಪಟ್ಟಿ. ನಾನು ಕೊಡುವುದು ರಿಪೇರಿ ಪಟ್ಟಿ.

ನಮ್ಮ ಅರ್ಜಿ ಶುರುವಾಗಿದ್ದೇ ಅಲ್ಲಿಂದ. 2019ರಲ್ಲಿ ರೈತರ ಸೋಲಾರ್ ಪಂಪ್‌ಗೆ ಸಹಾಯಧನ ಕೊಡುವ ಕೇಂದ್ರದ ಪಿಎಂ ಕುಸುಮ್ ಯೋಜನೆ ಬಂದ ಮೇಲೆ ಈ ಭಾಗದಲ್ಲಿ ಸೋಲಾರ್ ಪಂಪ್ ಜಾಸ್ತಿಯಾದವು. ಮಹಾರಾಷ್ಟ್ರದಲ್ಲಿ ರೈತ ಕಟ್ಟುವುದು ಬೆಲೆಯ 10%, ಪರಿಶಿಷ್ಟ ಜಾತಿ, ಪಂಗಡದವರಾದರೆ 5%. ಐದು ವರ್ಷ ನಿರ್ವಹಣೆ ಕಂಪನಿಯದ್ದೇ. ಕಾಗದದ ಮೇಲೆ ಎಲ್ಲ ಚೆಂದ. ಆದರೆ ಪ್ಯಾನೆಲ್ ಕರೆಂಟ್‌ನಿಂದ ಪಂಪ್ ಓಡಿಸುವ ಪೆಟ್ಟಿಗೆ, ಅಂದರೆ ಕಂಟ್ರೋಲರ್ ಕೆಟ್ಟರೆ ತೋಟಕ್ಕೆ ಬರುವವರು ಯಾರು? ಒಬ್ಬ ಹುಡುಗ ಹೇಳಿದ್ದು: "ಸರ್, ಕಂಪನಿಯವ್ರಿಗೆ ಫೋನ್ ಹಚ್ಚಿ ಹಚ್ಚಿ ನಮ್ಮಪ್ಪ ಸೋತಾನ್ರಿ. ಅವ್ರು ಬರೂದ್ರಾಗ ಬೆಳಿ ಒಣಗತೈತಿ."

ಆಮೇಲೆ ಹುಡುಗರನ್ನೇ ಸುತ್ತಲಿನ ಹಳ್ಳಿಗಳಿಗೆ ಕಳಿಸಿದೆ. ಯಾವ ಪಂಪ್ ನಿಂತಿದೆ, ಯಾಕೆ, ಎಷ್ಟು ದಿನದಿಂದ ಅಂತ ಒಂದು ಹಳೇ ರಿಜಿಸ್ಟರ್‌ನಲ್ಲಿ ಬರೆದುಕೊಂಡು ಬಂದರು. ಕೇಬಲ್ ಇಲಿ ಕಡಿದದ್ದು, ಬಾವಿಯಲ್ಲಿ ನೀರು ಇಳಿದು ಡ್ರೈ ರನ್ ಆಗಿ ಟ್ರಿಪ್ ಆದದ್ದು, ಕನೆಕ್ಟರ್‌ನಲ್ಲಿ ತಂತಿ ಸರಿಯಾಗಿ ಒತ್ತಿ ಕೂರದೆ (ಕ್ರಿಂಪ್ ಆಗದೆ) ಸುಟ್ಟದ್ದು. ಅರ್ಧಕ್ಕರ್ಧ ಕೆಲಸಕ್ಕೆ ಹೊಸ ಭಾಗವೇ ಬೇಡ, ಕಲಿತ ಕೈ ಇದ್ದರೆ ಸಾಕು. ಆ ರಿಜಿಸ್ಟರ್‌ನ ಪುಟಗಳನ್ನೇ ಅರ್ಜಿಗೆ ಲಗತ್ತಿಸಿದೆವು.

ಅರ್ಜಿ ಹಾಕಿದ್ದು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯ ಮೊಡ್‌ರಾಬ್ಸ್ ಯೋಜನೆಗೆ. ಹಳೇ ಲ್ಯಾಬ್ ಹೊಸದು ಮಾಡಿಕೊಳ್ಳಲು ದುಡ್ಡು ಕೊಡುವ ಯೋಜನೆ ಇದು. ಗ್ರಾಮೀಣ ಕಾಲೇಜುಗಳಿಗೆ ಅದರಲ್ಲೇ ಬೇರೆ ವಿಭಾಗ ಇತ್ತು. ನಾವು ಹಾಕಿದಾಗ ಮಿತಿ 20 ಲಕ್ಷ. ಐಟಿಐನವರಿಗೆ ದಾರಿ ಬೇರೆ. ಅವರಿಗೆ ವಿಶ್ವಬ್ಯಾಂಕ್ ನೆರವಿನ ಸ್ಟ್ರೈವ್ ಯೋಜನೆ ಇತ್ತು. ಅದರಲ್ಲಿ ಫಲಿತಾಂಶ ತೋರಿಸಿದಂತೆ ದುಡ್ಡು. ಇನ್ನು ಸೋಲಾರ್ ಕೆಲಸ ಕಲಿಸಲು 2015ರಲ್ಲಿ ಶುರುವಾದ ಕೇಂದ್ರದ ಸೂರ್ಯಮಿತ್ರ ತರಬೇತಿ: 600 ಗಂಟೆ, 30 ಜನರ ಬ್ಯಾಚ್, ಕಲಿಯುವವರಿಗೆ ಊಟ, ವಸತಿ ಉಚಿತ. ಅದು ನಡೆಸಲು ಹಾಸ್ಟೆಲ್ ಬೇಕು. ನಮ್ಮಲ್ಲಿ ಇರಲಿಲ್ಲ, ಬಿಟ್ಟೆವು.

ದುಡ್ಡು ಬಂದಾಗ ಮೊದಲು ಕೊಂಡದ್ದು ರೈತನ ಹೊಲದಲ್ಲಿ ಇರುವಂಥದ್ದೇ ಒಂದು 5 ಎಚ್‌ಪಿ ಪಂಪ್ ಸೆಟ್. ಗಾಜಿನ ಪೆಟ್ಟಿಗೆಯೊಳಗಿನ ಟ್ರೇನರ್ ಕಿಟ್ ನೋಡಲು ಚೆಂದ, ತಪಾಸಣೆಗೆ ಬಂದವರೂ ಮೆಚ್ಚುತ್ತಾರೆ. ಆದರೆ ಅದರಲ್ಲಿ ಕಲಿತ ಹುಡುಗ ಹೊಲಕ್ಕೆ ಹೋದರೆ ಹೆದರುತ್ತಾನೆ. ಹೆದರಬೇಕಾದ್ದೇ ಬಿಡಿ. ಇಂಥ ಪಂಪ್‌ಗೆ ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದಾಗ 600 ವೋಲ್ಟ್ ಆಸುಪಾಸು ಡಿಸಿ ಬರುತ್ತದೆ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ಹತ್ತಿದರೂ ಆರಲು ಅವಕಾಶ ಇದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಪಂಪ್ ಓಡುತ್ತಿರುವಾಗ ಕನೆಕ್ಟರ್ ಎಳೆದರೆ ಕಿಡಿ ಉರಿಯುತ್ತಲೇ ಇರುತ್ತದೆ, ಕೈ ಸುಡುತ್ತದೆ. ಹಾಗಾಗಿ ನಮ್ಮಲ್ಲಿ ಮೊದಲ ವಾರ ಬೇರೇನೂ ಇಲ್ಲ. ಕಂಟ್ರೋಲರ್ ನಿಲ್ಲಿಸು, ಪ್ಯಾನೆಲ್ ಕಡೆಯ ಸಂಪರ್ಕ ಕಡಿಯುವ ಸ್ವಿಚ್ (ಐಸೊಲೇಟರ್) ಇಳಿಸು, ಕ್ಲ್ಯಾಂಪ್ ಮೀಟರ್‌ನಲ್ಲಿ ಕರೆಂಟ್ ಸೊನ್ನೆ ನೋಡು, ಆಮೇಲಷ್ಟೇ ಕನೆಕ್ಟರ್ ಮುಟ್ಟು. ಬಿಚ್ಚಿದ ಮೇಲೂ ಬಿಸಿಲಿರುವ ತನಕ ಪ್ಯಾನೆಲ್ ಕಡೆ ವೋಲ್ಟೇಜ್ ಇದ್ದೇ ಇರುತ್ತದೆ. ಇದನ್ನು ಬೋರ್ಡ್ ಮೇಲೆ ಬರೆದರೆ ಸಾಲದು, ನೂರು ಸಲ ಮಾಡಿಸಬೇಕು.

ಲೆಕ್ಕಪತ್ರದ ಕೆಲಸಕ್ಕೆ ಒಬ್ಬರನ್ನು ಮೊದಲೇ ಗೊತ್ತು ಮಾಡಿ. ಕೇಂದ್ರದ ಅನುದಾನ ಅಂದರೆ ದುಡ್ಡಿನ ಓಡಾಟ ನೋಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಪಿಎಫ್‌ಎಂಎಸ್‌ನಲ್ಲಿ ದಾಖಲೆ, ಖರೀದಿಗೆ ಸರ್ಕಾರದ ಆನ್‌ಲೈನ್ ಮಾರುಕಟ್ಟೆ ಜೆಮ್ ಪೋರ್ಟಲ್, ಕೊನೆಗೆ 12-ಎ ನಮೂನೆಯ ಬಳಕೆ ಪ್ರಮಾಣಪತ್ರ. ಬ್ಯಾಂಕಿನಲ್ಲಿ ದುಡ್ಡು ಇದ್ದಷ್ಟು ದಿನ ಬಂದ ಬಡ್ಡಿ ಕಾಲೇಜಿನದ್ದಲ್ಲ, ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಯಂತ್ರ ಹಳೆಯದಾಯಿತು ಅಂತ ಕೇಳದೆ ಗುಜರಿಗೆ ಹಾಕುವ ಹಾಗೂ ಇಲ್ಲ.

ಇನ್ನೊಂದು ಮಾತು. ಇಂಥ ದುಡ್ಡು ಬರುವುದು ಹೆಚ್ಚಾಗಿ ಯಂತ್ರಕ್ಕೆ, ಕಲಿಸುವವರ ಸಂಬಳಕ್ಕಲ್ಲ. ಕೇಬಲ್, ಫ್ಯೂಸ್, ಕನೆಕ್ಟರ್ ಅಂತ ಖರ್ಚಾಗುವ ಸಾಮಾನು ಪ್ರತಿ ಬ್ಯಾಚ್‌ಗೂ ಬೇಕು. ನಮ್ಮ ಸಂಸ್ಥೆಯವರಿಂದ ಇದಕ್ಕೆ ವರ್ಷಕ್ಕಿಷ್ಟು ಅಂತ ಬರೆಸಿಕೊಂಡ ಮೇಲೆಯೇ ನಾನು ಅರ್ಜಿಗೆ ಸಹಿ ಹಾಕಿದ್ದು. ಪ್ರಿನ್ಸಿಪಾಲರಿಗೆ ಸ್ವಲ್ಪ ಬೇಜಾರಾಯಿತು. ಆಗಲಿ.

ಪಂಪ್ ರಿಪೇರಿ ಕಲಿಸುವ ಬ್ಯಾಚ್ ಯಾವಾಗ ಇಡಬೇಕು ಅನ್ನುವುದನ್ನು ದ್ರಾಕ್ಷಿಯೇ ಹೇಳುತ್ತದೆ. ಅಕ್ಟೋಬರ್‌ನಲ್ಲಿ ಬಳ್ಳಿ ಸವರುವ ಛಾಟಣಿ ಹೊತ್ತಲ್ಲಿ, ಜನವರಿಯಿಂದ ಮಾರ್ಚ್ ತನಕ ಕೊಯ್ಲಿನಲ್ಲಿ, ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ಮಳೆಗಾಲದಲ್ಲಿ ಬರುತ್ತಾರೆ, ಆದರೆ ಬಿಸಿಲಿರುವುದಿಲ್ಲ. ಆಗ ವೈಂಡಿಂಗ್, ಕಂಟ್ರೋಲರ್ ಕೆಲಸ ಮುಗಿಸಿ, ಪ್ಯಾನೆಲ್ ಪಾಠವನ್ನು ಬಿಸಿಲು ಬಿದ್ದ ದಿನಕ್ಕೆ ಇಟ್ಟುಕೊಳ್ಳುತ್ತೇವೆ.

ಈಗ ಮುಂದಿನ ಅರ್ಜಿ ಬರೆಯುತ್ತಿದ್ದೇನೆ. ಸಂಸ್ಥೆಯವರಿಗೆ ಡ್ರೋನ್ ಬೇಕಂತೆ. ಹುಡುಗರ ರಿಜಿಸ್ಟರ್‌ನಲ್ಲಿ ಪುಟಗಟ್ಟಲೆ ಇರುವುದು ದ್ರಾಕ್ಷಿಗೆ ಔಷಧ ಹೊಡೆಯುವ ಬ್ಲೋವರ್ ಕೆಟ್ಟದ್ದು. ಅರ್ಜಿಯಲ್ಲಿ ಬ್ಲೋವರನ್ನೇ ಬರೆದಿದ್ದೇನೆ.